ಪಹಣಿಯಲ್ಲಿ ಇಲ್ಲದ ಹೆಸರು

ಇಂಗ್ಲೆಂಡಿನ ಹಳ್ಳಿಯ ಕೊಲೆ ಕತೆಗಳು ಗೊತ್ತಲ್ಲ? ಚರ್ಚು, ಅಂಚೆ ಕಚೇರಿ, ಗುಲಾಬಿ ತೋಟ, ಸಂಜೆಯ ಚಹಾ. ಇವುಗಳ ನಡುವೆ ಥಟ್ಟನೆ ಒಂದು ಹೆಣ. ಪೊಲೀಸರು ತಲೆ ಕೆರೆದುಕೊಳ್ಳುತ್ತಿರುವಾಗ, ಉಲ್ಲನ್ ಹೆಣೆಯುತ್ತ ಕೂತ ಮುದುಕಿ ಕೊಲೆಗಾರನ ಹೆಸರು ಹೇಳಿಬಿಡುತ್ತಾಳೆ. ಅಗಾಥಾ ಕ್ರಿಸ್ಟಿ 1930ರಲ್ಲಿ ಮಿಸ್ ಮಾರ್ಪಲ್‌ಳನ್ನು ಕಾದಂಬರಿಗೆ ಕರೆತಂದ ಮೇಲೆ ಇಂಥ ಕತೆಗಳಿಗೆ ಬರವೇ ಬಂದಿಲ್ಲ.

ಇವುಗಳ ಬೆನ್ನು ಹತ್ತಿ ಹೋದರೆ ಸಿಗುವುದು ವಿಷದ ಬಾಟಲಿಯಲ್ಲ, ಒಂದು ಭೂ ಕಾನೂನು! ಬ್ರಿಟನ್ 1947ರಲ್ಲಿ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ ತಂದಿತು. ಮರುವರ್ಷ ಜುಲೈ 1ರಿಂದ ಜಾರಿ. ಅಂದಿನಿಂದ ಹೊಲ ನಿಮ್ಮದಾದರೂ ಅದರಲ್ಲಿ ಮನೆ ಕಟ್ಟುವ ಹಕ್ಕು ನಿಮ್ಮದಲ್ಲ, ಸ್ಥಳೀಯ ಆಡಳಿತದ ಅನುಮತಿ ಬೇಕು. ಕೌನ್ಸಿಲ್ಲಿನ ಒಂದು ಸಭೆ, ಎತ್ತಿದ ನಾಲ್ಕು ಕೈ, ಅಷ್ಟಕ್ಕೇ ಹುಲ್ಲುಗಾವಲಿಗೆ ಚಿನ್ನದ ಬೆಲೆ. ಕತೆಗಾರರಿಗೆ ಇನ್ನೇನು ಬೇಕು? ಕೌನ್ಸಿಲರ್, ಬಿಲ್ಡರ್, ಆಸ್ತಿಗೆ ಕಾದು ಕೂತ ಅಣ್ಣನ ಮಗ, ಎಲ್ಲರಿಗೂ ಕೊಲ್ಲಲು ಕಾರಣ ಸಿಕ್ಕಿತು. ಮಿಸ್ ಮಾರ್ಪಲ್‌ಳ ಊರನ್ನೂ ಇದು ಬಿಡಲಿಲ್ಲ. 1962ರ ಕಾದಂಬರಿಯೊಂದರಲ್ಲಿ ಊರಂಚಿನ ಹೊಲಗಳಲ್ಲಿ ಹೊಸ ಬಡಾವಣೆ ಎದ್ದಿರುತ್ತದೆ. ಅದನ್ನು ನೋಡಲು ಹೋದ ಮುದುಕಿ ಅಲ್ಲಿ ಬೀಳುತ್ತಾಳೆ. ಕೈಹಿಡಿದು ಎಬ್ಬಿಸಿದ ಹೆಂಗಸೇ ಮುಂದೆ ಕೊಲೆಯಾಗುತ್ತಾಳೆ.

ಈಗ ಬೀದರಿನ ಪಕ್ಕಕ್ಕೆ ಬನ್ನಿ. ಹೊಲವನ್ನು ನಿವೇಶನ ಮಾಡುವ ಕಾಗದಕ್ಕೆ ನಮ್ಮ ಕಡೆ ಎನ್‌ಎ ಅಂತಾರೆ, ಗಡಿ ದಾಟಿ ಜಹೀರಾಬಾದಿಗೆ ಹೋದರೆ ನಾಲಾ ಅಂತಾರೆ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಈ ಮೂರೂ ಊರುಗಳ ಮಣ್ಣಿನ ಮೇಲೆ ಇಂಗ್ಲಿಷ್ ಕಾದಂಬರಿಕಾರರು ಕನಸಿನಲ್ಲೂ ಕಾಣದಷ್ಟು ದೊಡ್ಡ ಕಥಾವಸ್ತು ಬಿದ್ದಿದೆ.

ಮೊದಲ ಸುಳಿವು 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿದೆ. ಹೈದರಾಬಾದ್ ರಾಜ್ಯ ಒಡೆದಾಗ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಬರಲಿಲ್ಲ. ಬೀದರ್ ಜಿಲ್ಲೆಯಿಂದ ನಾರಾಯಣಖೇಡ್ ತಾಲ್ಲೂಕು ಆಂಧ್ರಕ್ಕೆ ಹೋಯಿತು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್ ಹೋಯಿತು, ಜಹೀರಾಬಾದ್ ತಾಲ್ಲೂಕೂ ಹೋಯಿತು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು! ಕಾಯ್ದೆಯಲ್ಲಿ ಕಂಸದೊಳಗೆ ಕೂತಿರುವ ಆ ಮೂರು ಪದಗಳನ್ನು ನೋಡಿ ನಾನು ಬೆರಗಾಗಿ ಕೂತೆ. ಅಷ್ಟರಿಂದಲೇ ನಿರ್ಣಾ ಇಂದು ಕರ್ನಾಟಕದಲ್ಲಿದೆ. ಅದೇ ತಾಲ್ಲೂಕಿನ ನೆರೆಯ ಹೊಲಗಳ ಪಹಣಿ ತೆಲುಗಿನಲ್ಲಿ ಬರತೊಡಗಿತು, ಆ ಹೊಲಗಳ ಹಣೆಬರಹ ಹೈದರಾಬಾದಿನ ಕಡತಗಳಿಗೆ ಸೇರಿತು. ನೆಲದಡಿಯ ಕಲ್ಲಿಗೆ ಇದೊಂದೂ ಗೊತ್ತಿಲ್ಲ: ಶಹಾಬಾದ್ ಕಲ್ಲು, ತಾಂಡೂರು ಕಲ್ಲು ಎರಡೂ ಭೀಮಾ ಕಣಿವೆಯ ಒಂದೇ ಸುಣ್ಣಕಲ್ಲಿನ ಹಾಸು. ನ್ಯಾಲ್ಕಲ್ ಕಡೆಯ ಎಷ್ಟೋ ಮನೆಗಳಲ್ಲಿ ಈಗಲೂ ಕನ್ನಡವೇ ಮಾತು.

ಆಮೇಲೆ ಬಂತು ನಿಮ್ಜ್, ಅಂದರೆ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ. ನ್ಯಾಲ್ಕಲ್, ಝರಾಸಂಗಂ ಮಂಡಲಗಳ 17 ಹಳ್ಳಿಗಳಲ್ಲಿ 12,635 ಎಕರೆಯ ಯೋಜನೆ. ಕೌನ್ಸಿಲ್ಲಿನ ಕೈ ಎತ್ತಾಟ ಇದರ ಮುಂದೆ ಯಾವ ಲೆಕ್ಕ? ಇಂಥ ಕಡೆ ಪಹಣಿಯಲ್ಲಿ ಯಾರ ಹೆಸರಿದೆ ಅನ್ನುವುದೇ ಜೀವನ್ಮರಣದ ಪ್ರಶ್ನೆ. ಪಟ್ಟಾ ಇದ್ದವನಿಗೆ ಒಂದು ದಾರಿ. ಸರ್ಕಾರವೇ ಬಡವರಿಗೆ ಹಂಚಿದ ಅಸೈನ್ಡ್ ಭೂಮಿಗೆ ಇನ್ನೊಂದು; ಅದನ್ನು ಮಾರಲು 1977ರ ಕಾನೂನು ಬಿಡುವುದಿಲ್ಲ. ಇನ್ನು ಯಾವ ಕಾಗದದಲ್ಲೂ ಇಲ್ಲದವರು?

ಪತ್ತೇದಾರಿ ಕತೆಯಲ್ಲಿ ಅತಿ ದೊಡ್ಡ ಸುಳಿವು ಅಲ್ಲಿರಬೇಕಾಗಿದ್ದೂ ಇಲ್ಲದ ವಸ್ತು. ಇಲ್ಲಿ ಅದನ್ನು ಎತ್ತಿ ತೋರಿಸಿದವರು ಕೃಷಿ ಕೂಲಿಕಾರರು! ತೆಲಂಗಾಣ ಸರ್ಕಾರ 2015ರಲ್ಲಿ ಹೊರಡಿಸಿದ 123ನೇ ಆದೇಶದ ಪ್ರಕಾರ ಮಾಲೀಕರಿಂದ ನೇರವಾಗಿ ಜಮೀನು ಕೊಳ್ಳಬಹುದಿತ್ತು. ಮಾಲೀಕ ಸಹಿ ಹಾಕಿ ಹಣ ಎಣಿಸಿಕೊಂಡರೆ ಮುಗಿಯಿತು. ಆ ಹೊಲದಲ್ಲಿ ಕಳೆ ಕಿತ್ತು ಬದುಕುವವರು ಅದರಲ್ಲಿ ಎಲ್ಲೂ ಇರಲಿಲ್ಲ. ನಿಮ್ಜ್ ವ್ಯಾಪ್ತಿಯ ಕೂಲಿಕಾರರು ಹೈಕೋರ್ಟಿನ ಮೆಟ್ಟಿಲು ಹತ್ತಿ, ಹೊಲ ಹೋದರೆ ನಮ್ಮ ಕೂಲಿ ಎಲ್ಲಿ ಎಂದು ಕೇಳಿದರು. 2016ರ ಆಗಸ್ಟ್‌ನಲ್ಲಿ ಏಕಸದಸ್ಯ ಪೀಠ ಆ ಆದೇಶವನ್ನೇ ರದ್ದು ಮಾಡಿತು. ಮೇಲ್ಮನವಿ ಹೋಯಿತು, ವ್ಯಾಜ್ಯ ಬೆಳೆಯಿತು. ಆದರೆ ಭೂಮಿ ಇಲ್ಲದವರಿಗೂ ಪರಿಹಾರ ಹೇಳುವ ಆದೇಶಗಳನ್ನು ಸರ್ಕಾರ ಹೊರಡಿಸಲೇಬೇಕಾಯಿತು. ಒಂದು ಗುಂಟೆ ನೆಲವೂ ಇಲ್ಲದವರು ಒಂದು ರಾಜ್ಯದ ಭೂಸ್ವಾಧೀನದ ಲೆಕ್ಕವನ್ನೇ ತಿದ್ದಿಸಿದರು. ಯಾವ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಇಂಥ ತಿರುವಿದೆ ಹೇಳಿ!

ಹಾಗಾದರೆ ಮಿಸ್ ಮಾರ್ಪಲ್ ಎಲ್ಲಿ? ಇಲ್ಲೇ, ಜಹೀರಾಬಾದಿನ ಪಕ್ಕದಲ್ಲಿ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಸರು ಸಿರಿಧಾನ್ಯದಿಂದಾಗಿ ಬಹಳ ಜನಕ್ಕೆ ಗೊತ್ತು. 1983ರಲ್ಲಿ ಅದನ್ನು ಕಟ್ಟಿದವರಲ್ಲಿ ಮುಖ್ಯರು ನಮ್ಮ ಮೈಸೂರು ಸೀಮೆಯ ಪಿ. ವಿ. ಸತೀಶ್; ದೂರದರ್ಶನದ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅಲ್ಲಿನ ಸಂಘಗಳ ದಲಿತ ಮಹಿಳೆಯರು ಕೈಗೆ ಕ್ಯಾಮೆರಾ ತೆಗೆದುಕೊಂಡರು. ಬಹುತೇಕ ಶಾಲೆಯ ಮುಖ ನೋಡದವರು. ಕ್ಯಾಮೆರಾ ಹಿಡಿಯುವ ಕೋನಗಳಿಗೆ ತಮ್ಮದೇ ಹೆಸರಿಟ್ಟುಕೊಂಡರು. ಮೇಲಿನಿಂದ ಕೆಳಕ್ಕೆ ನೋಡಿದರೆ ಪಟೇಲ್ ಶಾಟ್, ಯಾಕೆಂದರೆ ಪಟೇಲ ಕಟ್ಟೆಯ ಮೇಲೆ ಕೂತು ನೋಡುವುದೇ ಹಾಗೆ. ಕೆಳಗಿನಿಂದ ಮೇಲಕ್ಕೆ ನೋಡಿದರೆ ಜೀತದಾಳಿನ ಶಾಟ್. ಕಣ್ಣಿಗೆ ಕಣ್ಣು ಸಮವಾಗಿ ಹಿಡಿದರೆ ಸಂಘಂ ಶಾಟ್. ಸಂಘದಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ. ಹಳ್ಳಿಯ ಭೂರಾಜಕೀಯವನ್ನು ಇಷ್ಟು ಸ್ವಚ್ಛವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಇವರು ನಿಜವಾದ ತನಿಖೆಯನ್ನೂ ಮಾಡಿದ್ದಾರೆ. ಬಿಟಿ ಹತ್ತಿ 2002ರಲ್ಲಿ ದೇಶದ ಹೊಲಗಳಿಗೆ ಬಂದಾಗ ಕ್ಯಾಮೆರಾ ಹೊತ್ತು ವಾರಂಗಲ್‌ಗೆ ಹೋದರು. ಮೂರು ಹಂಗಾಮು ರೈತರ ಹೊಲಕ್ಕೆ ಮತ್ತೆ ಮತ್ತೆ ಹೋಗಿ, ಬಿತ್ತನೆಯ ದಿನದ ಆಸೆಯನ್ನೂ ಕೊಯ್ಲಿನ ದಿನದ ಮುಖವನ್ನೂ ದಾಖಲಿಸಿಕೊಂಡರು. 2005ರಲ್ಲಿ ಸಿನಿಮಾ ಬಂತು. ಮಿಸ್ ಮಾರ್ಪಲ್‌ಳ ವಿದ್ಯೆಯೂ ಇದೇ ಅಲ್ಲವೇ? ಅವಸರವಿಲ್ಲದೆ ಕೇಳುವುದು, ನಿನ್ನೆ ಹೇಳಿದ್ದನ್ನು ಇವತ್ತಿನ ಮಾತಿಗೆ ತಾಳೆ ನೋಡುವುದು. 2008ರ ಅಕ್ಟೋಬರ್‌ನಲ್ಲಿ ಮಾಚನೂರಿನಲ್ಲಿ ಇವರದೇ ಸಂಘಂ ರೇಡಿಯೊ ಕೂಡ ಶುರುವಾಯಿತು.

ಕತೆ ಇನ್ನೂ ನಡೆಯುತ್ತಲೇ ಇದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದ್ ಒಂದು: 3,245 ಎಕರೆ, 2,361 ಕೋಟಿ ರೂಪಾಯಿ. ಭೂದಾಖಲೆಗಳ ಧರಣಿ ಪೋರ್ಟಲ್ ಹೋಗಿ 2025ರ ಏಪ್ರಿಲ್‌ನಲ್ಲಿ ಭೂಭಾರತಿ ಬಂದಿದೆ. ಕನ್ನಡದಲ್ಲಿ ಪತ್ತೇದಾರಿ ಬರೆಯುವ ಹೊಸಬರು ಲಂಡನ್ನಿನ ಮಂಜನ್ನು ಬಿಟ್ಟು ಬೀದರಿನಿಂದ ಜಹೀರಾಬಾದಿನ ಕಡೆ ಬಸ್ಸು ಹತ್ತಬೇಕು. ತಹಶೀಲ್ದಾರ್ ಕಚೇರಿಯಲ್ಲಿ ಸರ್ವೆ ನಂಬರ್ ಹಿಡಿದು ಪಹಣಿ ತೆಗೆಸಿಕೊಳ್ಳಿ, ಆಮೇಲೆ ಆ ಹೊಲದಲ್ಲಿ ಕಳೆ ಕೀಳುತ್ತಿರುವವರ ಹೆಸರು ಕೇಳಿ.