ಅಜ್ಜನ ಆಸೆ ಹೊತ್ತ ರೋಮಿನ ಬೆಳ್ಳಿ

ಚಿತ್ರದುರ್ಗದ ಬೆಟ್ಟದ ಬುಡದ ಚಂದ್ರವಳ್ಳಿಯನ್ನು ನೋಡದ ಜಿಲ್ಲೆಯವರು ಕಡಿಮೆ. ಕೆರೆ ನೋಡಿ, ಗುಹೆ ಹೊಕ್ಕು, ಬುತ್ತಿ ಬಿಚ್ಚಿ ಉಂಡು ಬರುತ್ತಾರೆ. ಆ ಮಣ್ಣಿನಲ್ಲಿ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕಿವೆ ಅಂದರೆ ಎಷ್ಟು ಜನ ನಂಬಿಯಾರು? ಡಾ. ಎಂ. ಎಚ್. ಕೃಷ್ಣ ಅವರು ಅಗೆಸಿದ ಈ ನೆಲವನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದರು. ಶಾತವಾಹನರ ಕಾಲದ ಕುರುಹುಗಳಿರುವ ಇಲ್ಲಿ ಅಗಸ್ಟಸ್, ತಿಬೇರಿಯಸ್ ದೊರೆಗಳ ನಾಣ್ಯಗಳೂ ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಂತೂ 1891ರಲ್ಲಿ ಇಂಥ 163 ನಾಣ್ಯಗಳು ಒಟ್ಟಿಗೇ ಸಿಕ್ಕವು.

ಅಷ್ಟು ದೂರದ ಕಾಸು ಇಲ್ಲಿಗೇಕೆ ಬಂತು? ವ್ಯಾಪಾರಕ್ಕೆ. ಮಳೆಗಾಲದ ಗಾಳಿ ಹಿಡಿದು ಬರುತ್ತಿದ್ದ ಹಡಗುಗಳಿಗೆ ನಮ್ಮ ಕರಾವಳಿಯ ಮೆಣಸು, ಮುತ್ತು, ನವಿರಾದ ಬಟ್ಟೆ ಬೇಕಿತ್ತು. ಇಲ್ಲಿನವರಿಗೆ ಬೇಕಾದದ್ದು ಅಪ್ಪಟ ಬೆಳ್ಳಿ, ಬಂಗಾರ. ಭಾರತಕ್ಕೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣ ಹರಿದು ಹೋಗ್ತಿದೆ ಅಂತ ರೋಮಿನ ಪ್ಲಿನಿ ಗೊಣಗಿದ್ದೂ ಉಂಟು.

ಹೀಗೆ ಭಾರತಕ್ಕೆ ಬಂದ ಬೆಳ್ಳಿ ನಾಣ್ಯಗಳಲ್ಲಿ ತುಂಬ ಹೆಚ್ಚಾಗಿ ಕಾಣುವ ಒಂದರ ಕಥೆ ಕೇಳಿ. ಹೆಸರು ದಿನಾರಿಯಸ್. ತೂಕ ಸುಮಾರು ತೊಲದ ಮೂರನೇ ಒಂದು ಪಾಲು. ಒಂದು ಮಗ್ಗುಲಲ್ಲಿ ಎಲೆಗಳ ಕಿರೀಟ ಧರಿಸಿದ ಅಗಸ್ಟಸ್‌ನ ಮುಖ. ಸುತ್ತ ಅವನ ಬಿರುದು: ದೈವವಾದವನ ಮಗ, ದೇಶಪಿತ. ಈ ಎರಡನೇ ಬಿರುದು ಅವನಿಗೆ ಬಂದದ್ದು ಕ್ರಿ. ಪೂ. 2ರಲ್ಲಿ. ಇನ್ನೊಂದು ಮಗ್ಗುಲಲ್ಲಿ ಇಬ್ಬರು ಹುಡುಗರು ನಿಂತಿದ್ದಾರೆ. ನಡುವೆ ಎರಡು ಗುರಾಣಿ, ಎರಡು ಭರ್ಜಿ; ಮೇಲೆ ಪೂಜೆಯ ಸೌಟು ಮತ್ತು ಶಕುನ ನೋಡುವವರ ಡೊಂಕು ಕೋಲು.

ಯಾರು ಈ ಹುಡುಗರು? ಗಾಯಸ್ ಮತ್ತು ಲೂಸಿಯಸ್. ಅಗಸ್ಟಸ್‌ಗೆ ಗಂಡು ಸಂತಾನವಿರಲಿಲ್ಲ. ಮಗಳು ಜೂಲಿಯಾಳ ಈ ಮಕ್ಕಳನ್ನೇ ಕ್ರಿ. ಪೂ. 17ರಲ್ಲಿ ದತ್ತು ತೆಗೆದುಕೊಂಡ. ಮುಂದೆ ಗಾದಿ ಇವರದೇ ಅಂತ ಊರೂರಿಗೆ ಸಾರಬೇಕಲ್ಲ? ಪತ್ರಿಕೆ, ರೇಡಿಯೋ ಇಲ್ಲದ ಕಾಲ. ಇಂದು ಫ್ರಾನ್ಸಿನಲ್ಲಿರುವ ಲಿಯೋನ್ ಪಟ್ಟಣದ ಟಂಕಸಾಲೆಯಲ್ಲಿ ಮೊಮ್ಮಕ್ಕಳ ಚಿತ್ರ ಒತ್ತಿಸಿಬಿಟ್ಟ. ಜನರ ಕೈಯಿಂದ ಕೈಗೆ ಡಂಗುರ ತಾನೇ ನಡೆಯಿತು.

ಆದರೆ ವಿಧಿಯಾಟವೇ ಬೇರೆ. ಕ್ರಿ. ಶ. 2ರಲ್ಲಿ ಲೂಸಿಯಸ್ ಮಾರ್ಸೇಲ್ಸ್‌ನಲ್ಲಿ ತೀರಿಕೊಂಡ. ಎರಡೇ ವರ್ಷಕ್ಕೆ, ಆರ್ಮೇನಿಯಾದಲ್ಲಿ ಗಾಯಗೊಂಡಿದ್ದ ಗಾಯಸ್‌ನೂ ಹೋದ. ಅವನಿಗಾಗ ಇನ್ನೂ ಇಪ್ಪತ್ತರ ಹರೆಯ. ಮುದುಕ ಚಕ್ರವರ್ತಿ ಕೊನೆಗೆ ಹೆಂಡತಿ ಲಿವಿಯಾಳ ಮೊದಲ ಮದುವೆಯ ಮಗ ತಿಬೇರಿಯಸ್‌ನನ್ನು ದತ್ತು ಮಾಡಿಕೊಳ್ಳಬೇಕಾಯಿತು. ಕ್ರಿ. ಶ. 14ರಲ್ಲಿ ಪಟ್ಟ ಅವನಿಗೇ ಸಂದಿತು.

ಹುಡುಗರು ಹೋದರು, ನಾಣ್ಯ ಉಳಿಯಿತು. ಕಡಲಾಚೆಯ ವ್ಯಾಪಾರಿಗೆ ಅರಮನೆಯ ದುಃಖದಿಂದ ಆಗಬೇಕಾದ್ದೇನು? ಅವನು ನೋಡಿದ್ದು ಬೆಳ್ಳಿಯನ್ನು. ಭಾರತದಲ್ಲಿ ಸಿಕ್ಕ ಇಂಥ ಎಷ್ಟೋ ನಾಣ್ಯಗಳ ಮೇಲೆ ಕಚ್ಚು ಹಾಕಿದ ಗೆರೆಗಳಿವೆ. ಕ್ರಿ. ಶ. 64ರಲ್ಲಿ ನೀರೋ ದೊರೆ ನಾಣ್ಯದ ತೂಕ ಇಳಿಸಿ ಬೆರಕೆ ಹಾಕಿದ. ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ಅಗಸ್ಟಸ್, ತಿಬೇರಿಯಸ್‌ರ ಹಳೆಯ ನಾಣ್ಯಗಳದೇ ಮೇಲುಗೈ.

ಪಾಯ ತೆಗೆಯುವಾಗ, ಹೊಲ ಉಳುವಾಗ ಇಂಥ ಕಾಸು ಇನ್ನೂ ಸಿಕ್ಕೀತು. ಅದನ್ನು ಸರ್ಕಾರಕ್ಕೆ ಒಪ್ಪಿಸಬೇಕೆಂದು ಕಾನೂನೇ ಇದೆ. ಆದರೂ ಗುಟ್ಟಾಗಿ ಅಕ್ಕಸಾಲಿಗನ ಕುಲುಮೆಗೆ ಹಾಕುವ ಆಸೆ ಯಾರಿಗಾದರೂ ಬಂದರೆ, ಒಂದು ಲೆಕ್ಕ ಹಾಕಿ ನೋಡಲಿ. ಕರಗಿಸಿದರೆ ಕೈಗೆ ಬರೋದು ತೊಲದ ಮೂರನೇ ಒಂದು ಪಾಲು ಬೆಳ್ಳಿ. ಎರಡು ಸಾವಿರ ವರ್ಷ ಉಳಿದು ಬಂದ ಆ ಇಬ್ಬರು ಹುಡುಗರು ಮಾತ್ರ ಮತ್ತೆ ಬರೋದಿಲ್ಲ.