ಒಂಟಿಗೂ ಜೋಡಿಗೂ ಒಂದೇ ಮಿತಿ

ಹೋದ ವರ್ಷ ನಮ್ಮನೆಯಾಕೆಗೆ ಎದೆನೋವು ಬಂತು. ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕು ಅಂದರು. ಆಮೇಲಿನ ಪ್ರಶ್ನೆ, ‘ಕಾರ್ಡು ಬಿಪಿಎಲ್ಲಾ, ಎಪಿಎಲ್ಲಾ?’

ನಮ್ಮದು ಅದಕ್ಕೆ ಒಂದು ವರ್ಷ ಮುಂಚೆಯೇ ಎಪಿಎಲ್ ಆಗಿತ್ತು. ಮಳೆ ಚೆನ್ನಾಗಿ ಬಂದ ವರ್ಷ ಮಾಡಿಸಿದ ಆದಾಯ ಪತ್ರದಲ್ಲಿ 1.35 ಲಕ್ಷ ಅಂತಿತ್ತು. ನಾಲ್ಕು ಎಕರೆ ಶೇಂಗಾ ಮಾರಿದ ದುಡ್ಡು, ಇಬ್ಬರ ಕೂಲಿ ಎಲ್ಲಾ ಕೂಡಿಸಿ ಬರೆದಿದ್ದರು. ಬೀಜ, ಗೊಬ್ಬರ, ಉಳುಮೆ, ಕಾಯಿ ಬಿಡಿಸಿದ ಕೂಲಿ ಯಾವುದನ್ನೂ ಕಳೆದಿರಲಿಲ್ಲ. ಮುಂದಿನ ವರ್ಷ ಬಿತ್ತಿದ ಬೀಜವೂ ವಾಪಸ್ ಬರಲಿಲ್ಲ. ಪತ್ರದ ಅಂಕಿ ಮಾತ್ರ ಹಂಗೇ ಇತ್ತು.

ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ಆದಾಯ 1.20 ಲಕ್ಷ ದಾಟಬಾರದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ಮೀರದಂತೆ. ಅಂದರೆ 1 ಲಕ್ಷದ ಚಿಕಿತ್ಸೆಯಲ್ಲಿ 70 ಸಾವಿರ ನಮ್ಮ ತಲೆ ಮೇಲೆ. ನಮ್ಮ ಪಾಲು ಹೊಂದಿಸೋಕೆ ಒಂಬತ್ತು ಕುರಿ ಹೋದವು, ಕೈಸಾಲ ಬೇರೆ.

ಒಂದು ಲೆಕ್ಕ ನೋಡಿ. ಗಂಡ-ಹೆಂಡತಿ ಇಬ್ಬರೂ ದಿನಕ್ಕೆ 350 ರೂಪಾಯಿಯಂತೆ 180 ದಿನ ಕೂಲಿಗೆ ಹೋದರೆ ತಲಾ 63 ಸಾವಿರ, ಕೂಡಿದರೆ 1.26 ಲಕ್ಷ. ಮಿತಿ ದಾಟಿತು. ಒಬ್ಬನೇ ಇದ್ದು 1.15 ಲಕ್ಷ ದುಡಿಯುವವನು ಮಿತಿಯೊಳಗೇ ಇರುತ್ತಾನೆ. ಕಾಯಿಲೆ ಬೀಳೋ ಮೈ ಎರಡು, ಉಣ್ಣೋ ಬಾಯಿ ಎರಡು, ಮಿತಿ ಮಾತ್ರ ಒಂದೇ!

ಮನೆ ಒಂದು, ಒಲೆ ಒಂದು, ಖರ್ಚು ಪೂರಾ ಇಮ್ಮಡಿ ಆಗಲ್ಲ ಅನ್ನೋದನ್ನ ಒಪ್ಪುತ್ತೇನೆ. ಜೋಡಿಗೆ ಒಂದೂವರೆ ಪಟ್ಟಾದರೂ ಇರಲಿ. ಮಿತಿ ಸ್ವಲ್ಪ ದಾಟಿದ ಕೂಡಲೇ ಪೂರ್ತಿಯಿಂದ ಶೇ. 30ಕ್ಕೆ ಇಳಿಸೋ ಬದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಸಲಿ. ನಮ್ಮಂಥ ಮಳೆ ನಂಬಿದವರಿಗೆ ಮೂರು ವರ್ಷದ ಸರಾಸರಿ ಹಿಡಿಯಲಿ, ಖರ್ಚು ಕಳೆಯಲಿ.

ಅಣ್ಣ-ತಮ್ಮ ಪಾಲಾದರೆ ಕಾರ್ಡೂ ಪಾಲಾಗುತ್ತೆ. ‘ನಾವಿಬ್ಬರೂ ಪಾಲಾಗೋಣವಾ?’ ಅಂತ ಆಸ್ಪತ್ರೆ ಮಂಚದ ಮೇಲೆ ಮಲಗಿಯೇ ಕೇಳಿದಳು ಪುಣ್ಯಾತ್ಗಿತ್ತಿ. ನಗೋಕೂ ಆಗಲಿಲ್ಲ.

2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಬಂದ ಯಶಸ್ವಿನಿಗೆ ಸಹಕಾರ ಸಂಘದ ಸದಸ್ಯತ್ವ ಬೇಕು, ವಂತಿಗೆ ಕಟ್ಟಬೇಕು. ನಾನು ಸಂಘದಲ್ಲಿದ್ದೂ ನೋಂದಣಿ ದಿನ ತಪ್ಪಿಸಿಕೊಂಡಿದ್ದೆ. ಈಗ ಇಬ್ಬರ ಹೆಸರೂ ಬರೆಸಿದ್ದೇನೆ. ಉಳಿದ ಕುರಿ ಆರು.