ಕಂಪೌಂಡರ್‌ನಿಂದ ಫಾರ್ಮಸಿಸ್ಟ್‌ವರೆಗೆ: ಕಾಶಿಯಲ್ಲಿ ಹುಟ್ಟಿದ ಒಂದು ಓದು



ಪಿಯುಸಿ ಮುಗಿಸಿದ ಮಕ್ಕಳ ತಂದೆ ತಾಯಿಯರು ಪ್ರತಿ ವರ್ಷ ಕೇಳುವ ಮಾತೊಂದಿದೆ: "ಮೆಡಿಕಲ್ ಸೀಟು ಸಿಗಲಿಲ್ಲ, ಫಾರ್ಮಸಿಗಾದರೂ ಸೇರಿಸೋಣವೇ?" ಆ 'ಆದರೂ' ಎಂಬ ಪದಕ್ಕೆ ಉತ್ತರವಾಗಿ ಈ ಓದು ನಮ್ಮ ದೇಶದಲ್ಲಿ ಹೇಗೆ ಹುಟ್ಟಿತು ಎಂಬುದನ್ನು ಇಲ್ಲಿ ತಿಳಿಸುತ್ತಿದ್ದೇನೆ.

ನಮ್ಮ ವಯಸ್ಸಿನವರಿಗೆ ಕಂಪೌಂಡರ್ ಎಂದರೆ ಯಾರೆಂದು ವಿವರಿಸಬೇಕಾಗಿಲ್ಲ. ಡಾಕ್ಟರು ಚೀಟಿ ಬರೆದರೆ ಅವರು ಒಳಗೆ ಮಿಕ್ಸ್ಚರ್ ಕಲಸಿ, ಸೀಸೆಗೆ ಕಾಗದದ ಪಟ್ಟಿ ಅಂಟಿಸಿ ಡೋಸು ಗುರುತು ಮಾಡಿ ಕೊಡುತ್ತಿದ್ದರು. ಕೈ ಪಳಗಿದವರು ಬಹಳ ಮಂದಿ ಇದ್ದರು. ಆದರೆ ಬ್ರಿಟಿಷರ ಕಾಲದಲ್ಲಿ ಇದಕ್ಕೆ ದೇಶಕ್ಕೆಲ್ಲ ಒಂದೇ ಓದಾಗಲಿ, ಒಂದೇ ಕಾನೂನಾಗಲಿ ಇರಲಿಲ್ಲ. ಮದರಾಸು, ಬಂಗಾಳದಂಥ ಕೆಲವು ಕಡೆ ತರಬೇತಿ ಇತ್ತು. ಉಳಿದೆಡೆ ನೋಡಿ ಕಲಿತದ್ದೇ ವಿದ್ಯೆ. ಔಷಧದ ಅಂಗಡಿಯನ್ನು ಯಾರು ಬೇಕಾದರೂ ಇಡಬಹುದಿತ್ತು.

ಇದರ ಫಲ ಜನರ ಮೈಮೇಲೆ ಬಿತ್ತು. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್‌ನಲ್ಲೇ ಕಲಬೆರಕೆ ಎಂಬ ದೂರುಗಳು ಹೆಚ್ಚಿದವು. 1930ರಲ್ಲಿ ಸರ್ಕಾರ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಿಸಿತು. ಚೋಪ್ರಾ ಅವರು ಕಲ್ಕತ್ತೆಯ ಉಷ್ಣವಲಯ ವೈದ್ಯಕೀಯ ಶಾಲೆಯ ಪ್ರಾಧ್ಯಾಪಕರು. ಔಷಧದ ಗುಣಮಟ್ಟಕ್ಕೆ ದೇಶಕ್ಕೆಲ್ಲ ಒಂದು ಕಾನೂನು ಬೇಕು, ಔಷಧ ಕೊಡುವವರಿಗೆ ಸರಿಯಾದ ಶಿಕ್ಷಣ ಬೇಕು, ಅವರ ವೃತ್ತಿಗೂ ಕಟ್ಟುಪಾಡು ಬೇಕು ಎಂದು 1931ರ ವರದಿಯಲ್ಲಿ ಸಮಿತಿ ಹೇಳಿತು. ವರದಿ ಬಂದರೂ ಕಾನೂನು ಬೇಗ ಬರಲಿಲ್ಲ.

ಕಾನೂನಿಗಾಗಿ ಕಾಯದೆ ಪಾಠ ಆರಂಭಿಸಿದವರು ಪ್ರೊಫೆಸರ್ ಮಹಾದೇವ ಲಾಲ್ ಶ್ರಾಫ್. 1902ರ ಮಾರ್ಚ್ 6ರಂದು ಬಿಹಾರದ ದರ್ಭಂಗಾದಲ್ಲಿ ಹುಟ್ಟಿದ ಇವರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರೆಗೆ ಹೋಗಿ ಓದಿ ಬಂದವರು. ಪಂಡಿತ ಮದನ ಮೋಹನ ಮಾಳವೀಯರ ಬೆಂಬಲದಿಂದ 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಔಷಧ ರಸಾಯನಶಾಸ್ತ್ರದ ಬೋಧನೆ ಶುರುವಾಯಿತು. ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಆ ವಿಶ್ವವಿದ್ಯಾಲಯದ ಮೊದಲ ಚಾನ್ಸಲರ್ ಆಗಿದ್ದರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಮೊದಲು ಅದು ಬಿ.ಎಸ್ಸಿ. ಓದಿನ ಒಂದು ವಿಷಯ ಮಾತ್ರ. 1937ರಲ್ಲಿ ಮೂರು ವರ್ಷದ ಬಿ.ಫಾರ್ಮ ಪದವಿಯಾಯಿತು. 1940ರಲ್ಲಿ ಎಂ.ಫಾರ್ಮ ಬಂತು. ಆಗ ಅಲ್ಲಿ ವೈಸ್ ಚಾನ್ಸಲರ್ ಆಗಿದ್ದವರು ಹಿಂದೆ ಮೈಸೂರಿನಲ್ಲಿ ಪಾಠ ಹೇಳಿದ್ದ ಡಾ. ಎಸ್. ರಾಧಾಕೃಷ್ಣನ್.

ಕಂಪೌಂಡರ್ ಕೈಚಳಕಕ್ಕಿಂತ ಇದರಲ್ಲಿ ಹೊಸದೇನಿತ್ತು? ಮೂರು ವಿದ್ಯೆಗಳು ಒಂದೆಡೆ ಸೇರಿದವು. ಒಂದು, ಔಷಧ ರಸಾಯನಶಾಸ್ತ್ರ: ಬಿಳಿ ಪುಡಿಯನ್ನು ಮುಂದಿಟ್ಟರೆ ಅದು ಕ್ವಿನೈನೋ ಅಲ್ಲವೋ, ಇದ್ದರೆ ನೂರಕ್ಕೆ ಎಷ್ಟು ಪಾಲು ಎಂದು ಅಳೆದು ಹೇಳುವುದು. ಎರಡು, ಮೂಲಿಕೆಗಳ ಶಾಸ್ತ್ರ: ಬೇರು, ತೊಗಟೆ, ಎಲೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅಸಲಿ ಯಾವುದು, ಅದರಂತೆ ಕಾಣುವ ನಕಲಿ ಯಾವುದು ಎಂದು ಗುರುತಿಸುವುದು. ಮೂರು, ಔಷಧ ತಯಾರಿಕೆ: ಮಾತ್ರೆ, ಮುಲಾಮು, ಚುಚ್ಚುಮದ್ದುಗಳನ್ನು ಕೆಡದಂತೆ, ಪ್ರಮಾಣ ತಪ್ಪದಂತೆ ಮಾಡುವುದು. ಕೊಟ್ಟ ಚೀಟಿಯಂತೆ ಕಲಸುವವನು ಕಂಪೌಂಡರ್. ಕಲಸುವ ವಸ್ತುವೇ ಸರಿಯಿದೆಯೇ ಎಂದು ಪ್ರಶ್ನಿಸಬಲ್ಲವನು ಫಾರ್ಮಸಿಸ್ಟ್.

ಶ್ರಾಫ್ ಅವರು ಪಾಠಕ್ಕಷ್ಟೇ ನಿಲ್ಲಲಿಲ್ಲ. 1935ರಲ್ಲಿ ಸಂಯುಕ್ತ ಪ್ರಾಂತ್ಯದಲ್ಲಿ ಫಾರ್ಮಸಿಯವರ ಸಂಘ ಕಟ್ಟಿದರು. ಅದೇ ಮುಂದೆ ಅಖಿಲ ಭಾರತ ಮಟ್ಟದ ಸಂಘವಾಯಿತು. 1939ರಲ್ಲಿ ವೃತ್ತಿಯ ಪತ್ರಿಕೆ ಹೊರಟಿತು. 1943ರಲ್ಲಿ ಅವರು ಕಾಶಿ ಬಿಟ್ಟರೂ ಪಿಲಾನಿ ಮೊದಲಾದ ಕಡೆಗಳಲ್ಲಿ ಈ ಓದು ಬೇರೂರಲು ದುಡಿದರು. ಅವರ ಹುಟ್ಟುಹಬ್ಬವನ್ನು ಇಂದು ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ದಿನವಾಗಿ ಆಚರಿಸುತ್ತಾರೆ. ಕಾಶಿಯ ಆ ವಿಭಾಗ 2012ರಿಂದ ಅಲ್ಲಿನ ಐಐಟಿಗೆ ಸೇರಿದೆ.

ಕಾನೂನು ಹಿಂದಿನಿಂದ ಬಂತು. 1940ರ ಔಷಧ ಕಾಯ್ದೆ ಮಾಲಿನ ಗುಣಮಟ್ಟವನ್ನು ನೋಡಿಕೊಂಡಿತು. 1948ರ ಫಾರ್ಮಸಿ ಕಾಯ್ದೆ ಔಷಧ ಕೊಡುವ ಮನುಷ್ಯನನ್ನು ನೋಡಿಕೊಂಡಿತು. ಅಂದರೆ ಕಾಶಿಯಲ್ಲಿ ಪಾಠ ಶುರುವಾಗಿ 16 ವರ್ಷ ಕಳೆದಿತ್ತು. ಅಷ್ಟು ಕಾಲ ಆ ಹುಡುಗರು ಓದಿದ್ದು ಕಾನೂನಿನ ಮನ್ನಣೆಯೇ ಇಲ್ಲದ ವೃತ್ತಿಗಾಗಿ.

ಬದುಕೆಲ್ಲ ಕಚೇರಿಯಲ್ಲಿ ರಿಜಿಸ್ಟರ್ ಬರೆದ ನನಗೆ ಆ ಕಾಯ್ದೆಯ ತಿರುಳು ಸುಲಭವಾಗಿ ಕಾಣುತ್ತದೆ. ಅದು ಒಂದು ರಿಜಿಸ್ಟರ್. ರಾಜ್ಯ ರಾಜ್ಯಕ್ಕೂ ಒಂದು ಫಾರ್ಮಸಿ ಕೌನ್ಸಿಲ್, ಅದರಲ್ಲೊಂದು ಹೆಸರಿನ ಪಟ್ಟಿ. ವೈದ್ಯರ ಚೀಟಿಯ ಮೇಲೆ ಔಷಧ ಕೊಡುವ ಹಕ್ಕು ಪಟ್ಟಿಯಲ್ಲಿ ಹೆಸರಿರುವವರದು.

ಗಡಿಯ ನಮ್ಮವರು ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲನೆಯದು, ಪಟ್ಟಿ ಆಯಾ ರಾಜ್ಯದ್ದು. ಬೆಂಗಳೂರಿನಲ್ಲಿ ಓದಿ ಕರ್ನಾಟಕದಲ್ಲಿ ನೋಂದಾಯಿಸಿಕೊಂಡ ಹುಡುಗಿ ಆದೋನಿಯಲ್ಲೋ ಹೊಸೂರಿನಲ್ಲೋ ಅಕ್ಕಲಕೋಟೆಯಲ್ಲೋ ಅಂಗಡಿ ಇಡುವುದಾದರೆ ಆ ರಾಜ್ಯದ ಕೌನ್ಸಿಲ್‌ನಲ್ಲಿ ಹೆಸರು ಸೇರಿಸಬೇಕು. ಬೇರೆ ರಾಜ್ಯದಲ್ಲಿ ಈಗಾಗಲೇ ನೋಂದಣಿ ಆದವರಿಗೆ ಕಾಯ್ದೆಯಲ್ಲೇ ಅವಕಾಶವಿದೆ, ಹೆದರಬೇಕಾಗಿಲ್ಲ. ಓದಲು ದೂರ ಹೋಗಲೇಬೇಕೆಂದೂ ಇಲ್ಲ. ನೀಲಗಿರಿಯವರಿಗೆ ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ 1980ರಲ್ಲೇ ಊಟಿಯಲ್ಲಿ ಫಾರ್ಮಸಿ ಕಾಲೇಜು ತೆರೆದಿದೆ. ಡಿ.ಫಾರ್ಮ ಎರಡು ವರ್ಷದ ಓದು, ಮೇಲೆ 500 ಗಂಟೆಯ ತರಬೇತಿ. ಬಿ.ಫಾರ್ಮ ನಾಲ್ಕು ವರ್ಷ. ಡಿ.ಫಾರ್ಮ ಮುಗಿಸಿದವರು ಬಿ.ಫಾರ್ಮ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು.

ಎರಡನೆಯದನ್ನು ಹೇಳುವುದು ಸ್ವಲ್ಪ ಕಷ್ಟ. ಸರ್ಟಿಫಿಕೇಟನ್ನು ಯಾರದೋ ಅಂಗಡಿಯ ಗೋಡೆಗೆ ತೂಗುಹಾಕಿ, ತಿಂಗಳಿಗಿಷ್ಟು ಎಂದು ಬಾಡಿಗೆ ಪಡೆದು ತಾವು ಬೇರೆ ಕೆಲಸಕ್ಕೆ ಹೋಗುವವರು ಎಲ್ಲ ಕಡೆಯೂ ಇದ್ದಾರೆ. ನಮ್ಮ ಮಕ್ಕಳಿಗೂ ಅಂಥ ಕರೆ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಹೆಸರು ಗೋಡೆಯ ಮೇಲಿದ್ದು ಮನುಷ್ಯ ಕೌಂಟರಿನಲ್ಲಿ ಇಲ್ಲವೆಂದರೆ ನಾವು 1930ಕ್ಕೇ ಹಿಂದಿರುಗಿದಂತೆ. ಒಂದೇ ತರಹ ಕೇಳಿಸುವ ಎರಡು ಮಾತ್ರೆಗಳ ಹೆಸರು ಅದಲುಬದಲಾದರೆ ಅದನ್ನು ಹಿಡಿಯಬೇಕಾದವನು ಅಲ್ಲಿ ಇರುವುದಿಲ್ಲ. ಕನ್ನಡವೊಂದೇ ಬಲ್ಲ ಅಜ್ಜಿಗೆ ಬೇರೆ ಭಾಷೆಯ ಊರಿನಲ್ಲಿ "ಇದು ಊಟದ ಮೊದಲು, ಇದು ಊಟವಾದ ಮೇಲೆ" ಎಂದು ತಿಳಿಯುವಂತೆ ಹೇಳುವ ನಮ್ಮ ಹುಡುಗನೂ ಅಲ್ಲಿ ಇರುವುದಿಲ್ಲ.

ಆದ್ದರಿಂದ ಮಕ್ಕಳನ್ನು 'ಫಾರ್ಮಸಿಗಾದರೂ' ಎನ್ನದೆ, ಫಾರ್ಮಸಿಗೇ ಸೇರಿಸಿ. ಈಗಾಗಲೇ ಈ ವೃತ್ತಿಯಲ್ಲಿರುವ ಸದಸ್ಯರು ತಮ್ಮ ರಾಜ್ಯದ ನೋಂದಣಿ ಕ್ರಮವನ್ನು ಒಂದು ಪುಟದಲ್ಲಿ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಕಾರ್ಯದರ್ಶಿ